ಮಾರಿದವರ ಹೆಸರಿದೆ, ಕೊಂಡವರ ಹೆಸರಿದೆ, ಮಾರಾಟವಾದವರ ಹೆಸರೆಲ್ಲಿ?

ಗೆ,
ಅಧ್ಯಕ್ಷರು ಮತ್ತು ಸದಸ್ಯರು, ಕೌಂಟಿ ಕಮಿಷನರುಗಳ ಮಂಡಳಿ,
ಹಾಗೂ ದಸ್ತಾವೇಜು ನೋಂದಣಾಧಿಕಾರಿಗಳು,
ನಾರ್ತ್ ಕ್ಯಾರೊಲೈನಾ ರಾಜ್ಯ.

ವಿಷಯ: ಅಮೆರಿಕದಲ್ಲಿ ಗುಲಾಮಗಿರಿ ಕೊನೆಗೊಂಡ 1865ಕ್ಕೆ ಮುಂಚಿನ ಕ್ರಯಪತ್ರ, ಉಯಿಲು ಮತ್ತು ಪಾಲುಪಟ್ಟಿಗಳಲ್ಲಿರುವ ಗುಲಾಮಗಿರಿಯ ಜನರ ಹೆಸರುಗಳನ್ನು ಸೂಚಿಗೆ ಸೇರಿಸುವ ಬಗ್ಗೆ.

ಮಾನ್ಯರೇ,

ನಿಮ್ಮ ನೋಂದಣಿ ಕಚೇರಿಯ ಹಳೆಯ ಸೂಚಿಗಳಲ್ಲಿ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಒಂದು ದೊಡ್ಡ ಜನಸಮುದಾಯದ ಹೆಸರುಗಳೇ ಇಲ್ಲ. ಪುಸ್ತಕಗಳ ಒಳಗೆ ಅವು ಇವೆ. ಆ ಪುಸ್ತಕಗಳಿಗೆ ದಾರಿ ತೋರಿಸಬೇಕಾದ ಸೂಚಿಯಲ್ಲಿ ಇಲ್ಲ. ಇದನ್ನು ಸರಿಪಡಿಸಬೇಕೆಂದು ಕೇಳಿಕೊಳ್ಳಲು ಈ ಪತ್ರ. ಇಂಗ್ಲಿಷ್ ಪ್ರತಿಯನ್ನು ತಮಗೆ ಅಂಚೆಯಲ್ಲಿ ಕಳಿಸಿದ್ದೇನೆ. ಕನ್ನಡದಲ್ಲಿಯೂ ಪ್ರಕಟಿಸುತ್ತಿರುವುದಕ್ಕೆ ಕಾರಣವಿದೆ. ರಾಲಿ, ಕೇರಿ, ಮಾರಿಸ್‌ವಿಲ್, ಷಾರ್ಲಟ್ ಸುತ್ತಮುತ್ತ ಮನೆ ಮಾಡಿಕೊಂಡಿರುವ ಕನ್ನಡಿಗರು ಅನೇಕರು. ಅವರ ಮನೆಗಳ ಕ್ರಯಪತ್ರಗಳು ಇಂಥದೇ ಕಚೇರಿಗಳಲ್ಲಿ ನೋಂದಣಿಯಾಗಿವೆ. ಅದೇ ಸಾಲಿನ ಹಿಂದಿನ ಸಂಪುಟಗಳಲ್ಲಿ ಏನಿದೆ ಎಂಬುದು ಅವರಿಗೂ ಗೊತ್ತಾಗಲಿ. ನಿಮ್ಮ ಕೌಂಟಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈ ಕೊರತೆ ನಿಮ್ಮೊಬ್ಬರದಲ್ಲ. ನನ್ನೊಡನೆ ಮರ್ಯಾದೆಯಿಂದಲೇ ನಡೆದುಕೊಂಡ ಸಿಬ್ಬಂದಿಯನ್ನು ಬೀದಿಗೆ ಎಳೆಯುವ ಉದ್ದೇಶವೂ ನನಗಿಲ್ಲ.

ನಾನು ಕರ್ನಾಟಕದ ಉಪನೋಂದಣಾಧಿಕಾರಿ ಕಚೇರಿಗಳಲ್ಲಿ ದುಡಿದು ನಿವೃತ್ತಳಾದವಳು. ಈಗ ಮಗಳ ಮನೆಯಲ್ಲಿ, ನಿಮ್ಮ ರಾಜ್ಯದಲ್ಲಿ ಇದ್ದೇನೆ. ನಮ್ಮ ಅಳಿಯಂದಿರು ಆಫ್ರಿಕನ್ ಅಮೆರಿಕನ್ ಮನೆತನದವರು. ಅವರ ಹಿರಿಯರು ನಿಮ್ಮ ಕೌಂಟಿಯ ತಂಬಾಕಿನ ಹೊಲಗಳಲ್ಲಿ ಬೆವರು ಸುರಿಸಿದವರು. ಮೊಮ್ಮಗಳಿಗೆಂದು ಎರಡೂ ಕಡೆಯ ವಂಶಾವಳಿ ಬರೆದಿಡಲು ಕುಳಿತೆ. ನನ್ನ ತವರಿನ ಕಡೆಯದು ಸಲೀಸಾಗಿ ಸಿಕ್ಕಿತು. ನಮ್ಮ ಊರಿಗೆ ಇಂದಿಗೂ ಹೆಳವರು ಬರುತ್ತಾರೆ, ಹಳೆಯ ಪುಸ್ತಕ ಬಿಚ್ಚಿ ಮುತ್ತಜ್ಜನ ಮುತ್ತಜ್ಜನವರೆಗೆ ಹೆಸರು ಓದಿ, ದವಸ ಪಡೆದು ಹೋಗುತ್ತಾರೆ. ಎಲ್ಲರ ಮನೆಗೂ ಹೆಳವರಿಲ್ಲ ಎಂಬುದು ನನಗೆ ತಿಳಿದಿದೆ, ಅದು ನಮ್ಮ ನಾಡಿನ ಲೆಕ್ಕ, ಅದನ್ನು ನಾವೇ ತೀರಿಸಬೇಕು. ಅಳಿಯಂದಿರ ಕಡೆಯವರಿಗಂತೂ ಇರುವುದು ನಿಮ್ಮ ಪುಸ್ತಕಗಳು ಮಾತ್ರ.

ಏಕೆ ನಿಮ್ಮ ಪುಸ್ತಕಗಳೇ ಎಂದರೆ, ಅಮೆರಿಕದ ದಕ್ಷಿಣದಲ್ಲಿ ಒಂದು ಮನೆತನದ ಜಾಡು ಹಿಡಿಯಲು ಕೌಂಟಿಯನ್ನು ಬಿಟ್ಟರೆ ಗತಿಯಿಲ್ಲ. ನಾರ್ತ್ ಕ್ಯಾರೊಲೈನಾದಲ್ಲಿ ರಾಜ್ಯಮಟ್ಟದ ಜನನ ಮರಣ ನೋಂದಣಿ ಆರಂಭವಾದದ್ದೇ 1913ರಲ್ಲಿ. ದೇಶದ ಮೊದಲ ಜನಗಣತಿ 1790ರದು. ಅದರಲ್ಲಿ ಮನೆಯ ಯಜಮಾನನ ಹೆಸರೊಂದನ್ನು ಬರೆದು ಉಳಿದವರನ್ನು ಅಂಕಣಗಳಲ್ಲಿ ಎಣಿಸಿದರು. ಮನೆಮಂದಿಯ ಎಲ್ಲರ ಹೆಸರನ್ನೂ ಬರೆಯತೊಡಗಿದ್ದು 1850ರಲ್ಲಿ, ಅದೂ ಸ್ವತಂತ್ರರಾದವರದು ಮಾತ್ರ. ಗುಲಾಮಗಿರಿಯಲ್ಲಿದ್ದವರಿಗೆ 1850ರಲ್ಲೂ 1860ರಲ್ಲೂ ಬೇರೆಯೇ ಪಟ್ಟಿ: ಒಡೆಯನ ಹೆಸರು, ಅದರ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. 1860ರಲ್ಲಿ ಈ ಒಂದೇ ರಾಜ್ಯದಲ್ಲಿ ಹಾಗೆ ಎಣಿಕೆಯಾದವರು 3,31,059 ಮಂದಿ. ಅವರೂ ಅವರ ಮಕ್ಕಳೂ ಹೆಸರು ಹೊತ್ತು ಜನಗಣತಿಯಲ್ಲಿ ಕಾಣಿಸಿಕೊಂಡದ್ದು 1870ರಲ್ಲಿ. ವಂಶಾವಳಿ ಹುಡುಕುವವರು ಇದನ್ನು 1870ರ ಗೋಡೆ ಎನ್ನುತ್ತಾರೆ.

ನಾವೂ ಆ ಗೋಡೆಯವರೆಗೆ ಹೋದೆವು. 1870ರ ಹಾಳೆಯಲ್ಲಿ ಅಳಿಯಂದಿರ ಪೂರ್ವಿಕ ದಂಪತಿಯಿದ್ದಾರೆ, ಮಕ್ಕಳಿದ್ದಾರೆ. ಅದೇ ಹಾಳೆಯಲ್ಲಿ, ಕೆಲವೇ ಮನೆಗಳಾಚೆ, ಅದೇ ಅಡ್ಡಹೆಸರಿನ ಬಿಳಿಯರ ಮನೆತನವೊಂದಿದೆ. ಅದಕ್ಕೂ ಹಿಂದೆ ಒಂದೇ ಒಂದು ಹೆಜ್ಜೆ ಇಡಲು ಸಾಧ್ಯವಾಯಿತು. ಬಿಡುಗಡೆ ಹೊಂದಿದವರು ತಮ್ಮ ದಾಂಪತ್ಯವನ್ನು ದಾಖಲು ಮಾಡಿಸಬೇಕೆಂದು ಈ ರಾಜ್ಯ 1866ರಲ್ಲಿ ಕಾಯ್ದೆ ಮಾಡಿತ್ತು. 25 ಸೆಂಟ್ ಕೊಟ್ಟು, ಅಧಿಕಾರಿಯ ಮುಂದೆ ನಿಂತು, ನಾವಿಬ್ಬರೂ ಇಷ್ಟು ವರ್ಷಗಳಿಂದ ಗಂಡ ಹೆಂಡತಿಯಾಗಿದ್ದೇವೆ ಎಂದು ಹೇಳಿಕೆ ಕೊಡಬೇಕು. ಆ ಪುಸ್ತಕ ಎಲ್ಲ ಕೌಂಟಿಗಳಲ್ಲೂ ಉಳಿದಿಲ್ಲ. ನಿಮ್ಮಲ್ಲಿ ಉಳಿದಿದೆ, ಅದಕ್ಕೆ ನಾನು ಕೃತಜ್ಞಳು. ಆ ದಂಪತಿ ಬಂದು ಹೆಸರು ಬರೆಸಿದ್ದಾರೆ. ಎಷ್ಟೋ ವರ್ಷ ಕೂಡಿ ಬಾಳಿ, ಮಕ್ಕಳನ್ನು ಹೆತ್ತು, ಅದಕ್ಕೆ ಕಾನೂನಿನ ಲೆಕ್ಕದಲ್ಲಿ ಯಾವ ಬೆಲೆಯೂ ಇಲ್ಲದೆ ಇದ್ದವರು, ಅವಕಾಶ ಸಿಕ್ಕ ಕೂಡಲೇ ಸರ್ಕಾರಿ ಕಚೇರಿಗೆ ನಡೆದು ಬಂದು ದಾಖಲೆ ಮಾಡಿಸಿದರು. ದಾಖಲೆಯನ್ನು ಅಷ್ಟು ನಂಬಿದವರ ಸಂತತಿಗೆ ನಿಮ್ಮ ಕಚೇರಿ ಏನು ಕೊಡುತ್ತಿದೆ ಎಂಬುದೇ ನನ್ನ ಪ್ರಶ್ನೆ.

ಅದೇ ಅಡ್ಡಹೆಸರಿನ ಬಿಳಿಯರ ಮನೆತನಕ್ಕೆ ದಪ್ಪನೆಯ ವಂಶಾವಳಿ ಪುಸ್ತಕವೊಂದು ಅಚ್ಚಾಗಿದೆ. ನಿಮ್ಮ ಕೌಂಟಿಯ ಗ್ರಂಥಾಲಯದಲ್ಲಿ ಅದನ್ನು ಗೌರವದಿಂದ ಇಟ್ಟಿದ್ದಾರೆ. ಕಷ್ಟಪಟ್ಟು ಬರೆದ ಒಳ್ಳೆಯ ಪುಸ್ತಕ, ಅದರಲ್ಲಿ ಅನುಮಾನವಿಲ್ಲ. ವರ್ಜೀನಿಯಾದಿಂದ ಇಳಿದು ಬಂದ ಮೂಲಪುರುಷನಿಂದ ಹಿಡಿದು ತಲೆಮಾರು ತಲೆಮಾರಾಗಿ ಎಳೆ ಬಿಡಿಸಿದ್ದಾರೆ. ಹೇಗೆ ಬಿಡಿಸಿದರು? ನಿಮ್ಮ ಪುಸ್ತಕಗಳಿಂದ. ಉಯಿಲಿನಲ್ಲಿ ಹೆಣ್ಣುಮಕ್ಕಳನ್ನು ಗಂಡನ ಮನೆಯ ಹೆಸರಿನೊಂದಿಗೆ ಬರೆದಿರುತ್ತಾರೆ, ಅದರಿಂದ ಆ ಮನೆತನದ ಅಳಿಯಂದಿರು ಯಾರೆಂದು ತಿಳಿಯಿತು. ಮದುವೆಯ ಮುಚ್ಚಳಿಕೆಗೆ ಜಾಮೀನು ನಿಂತವನು ಅನೇಕ ವೇಳೆ ಹುಡುಗಿಯ ಅಣ್ಣನೋ ತಂದೆಯೋ ಆಗಿರುತ್ತಾನೆ, ಅದರಿಂದ ತವರುಮನೆ ಸಿಕ್ಕಿತು. ಜಮೀನಿನ ಚಕ್ಕುಬಂದಿಯಲ್ಲಿ, ಹಳ್ಳದ ದಡದ ಬಿಳಿ ಓಕ್ ಮರದಿಂದ ಹೊರಟು ಪೂರ್ವಕ್ಕೆ ಇಷ್ಟು ಪೋಲ್ ಎಂದು ಅಳೆಯುವಾಗ, ಹದಿನಾರೂವರೆ ಅಡಿಗೆ ಒಂದು ಪೋಲ್, ನೆರೆಯವರ ಹೆಸರುಗಳು ಬರುತ್ತವೆ. ಸರ್ವೆಯ ದಿನ ಸರಪಳಿ ಹಿಡಿದ ಇಬ್ಬರ ಹೆಸರನ್ನೂ ಬರೆಯುತ್ತಿದ್ದರು. ಅವರು ಹೆಚ್ಚಾಗಿ ನೆಂಟರು ಇಲ್ಲವೇ ನೆರೆಹೊರೆಯವರು. ಕೌಂಟಿಗಳು ಒಡೆದಾಗ ಜಾಡು ತಪ್ಪದಂತೆ ಹಿಂದಿನ ಕೌಂಟಿಗೂ ಹೋಗಿದ್ದಾರೆ. ಈಗಿನ ಅಲಮ್ಯಾನ್ಸ್ ಕೌಂಟಿಯ ಹೊಲವೊಂದರ 1840ರ ಪತ್ರ ಬೇಕಾದರೆ ಆರೆಂಜ್ ಕೌಂಟಿಯ ಪುಸ್ತಕ ತೆಗೆಯಬೇಕು, ಏಕೆಂದರೆ ಅಲಮ್ಯಾನ್ಸ್ ಹುಟ್ಟಿದ್ದು 1849ರಲ್ಲಿ. ಆರೆಂಜ್ ಹುಟ್ಟಿದ್ದು 1752ರಲ್ಲಿ. ಅದಕ್ಕೂ ಮುಂಚಿನದಕ್ಕೆ ಬ್ಲೇಡನ್, ಗ್ರ್ಯಾನ್‌ವಿಲ್, ಜಾನ್‌ಸ್ಟನ್ ಕೌಂಟಿಗಳ ಬಾಗಿಲು ತಟ್ಟಬೇಕು. ಹೊಲ ಕದಲುವುದಿಲ್ಲ, ಕಚೇರಿ ಬದಲಾಗುತ್ತದೆ. ಇದು ನಮ್ಮ ತಾಲ್ಲೂಕು ಪುನರ್ವಿಂಗಡಣೆ ಕಂಡವರಿಗೆ ಹೊಸದಲ್ಲ.

ಇಷ್ಟೆಲ್ಲ ಅವರಿಗೆ ಸಾಧ್ಯವಾದದ್ದು ಸೂಚಿಯಿಂದ. ಹೆಸರು ನೋಡು, ಸಂಪುಟ ಮತ್ತು ಪುಟ ಬರೆದುಕೋ, ಪುಸ್ತಕ ತೆಗೆ. ನಮಗೆ ಆ ಮೊದಲ ಹೆಜ್ಜೆಯೇ ಇಲ್ಲ. ನಿಮ್ಮ ಸೂಚಿಯಲ್ಲಿ ಎರಡು ಪಟ್ಟಿ, ಬರೆದುಕೊಟ್ಟವರದು ಒಂದು, ಬರೆಸಿಕೊಂಡವರದು ಇನ್ನೊಂದು. ಅಳಿಯಂದಿರ ಮುತ್ತಜ್ಜಿಯರು ಬರೆದುಕೊಟ್ಟವರೂ ಅಲ್ಲ, ಬರೆಸಿಕೊಂಡವರೂ ಅಲ್ಲ. ಆ ಪತ್ರಗಳ ಷೆಡ್ಯೂಲಿನಲ್ಲಿ, ಅಂದರೆ ಸ್ವತ್ತಿನ ವಿವರಪಟ್ಟಿಯಲ್ಲಿ, ಇದ್ದವರು. ಕಡೆಗೆ ನಾವು ಮಾಡಿದ್ದೇನೆಂದರೆ, ಆ ಬಿಳಿಯರ ಮನೆತನದ ಪುಸ್ತಕದ ಅಡಿಟಿಪ್ಪಣಿಗಳನ್ನು ಹಿಡಿದುಕೊಂಡು ಅವರ ಒಂದೊಂದೇ ದಾಖಲೆಯನ್ನು ತೆಗೆಸಿ ಓದಿದ್ದು. ನಮ್ಮ ಮನೆಯವರನ್ನು ಹುಡುಕಲು ಅವರ ಒಡೆಯರನ್ನು ಹುಡುಕಬೇಕಾಯಿತು. ಅಡ್ಡಹೆಸರು ಒಂದೇ ಇದ್ದದ್ದರಿಂದ ಒಂದು ಸುಳಿವಾದರೂ ಸಿಕ್ಕಿತು. ಎಲ್ಲರಿಗೂ ಆ ಅನುಕೂಲವಿಲ್ಲ. ಬಿಡುಗಡೆಯಾದವರಲ್ಲಿ ಹಿಂದಿನ ಯಾವುದೋ ಒಡೆಯನ ಹೆಸರು ಉಳಿಸಿಕೊಂಡವರಿದ್ದರು, ತಮಗೆ ಬೇಕಾದ ಹೆಸರು ಇಟ್ಟುಕೊಂಡವರಿದ್ದರು. ಅಂಥವರ ಮಕ್ಕಳು ಯಾವ ಪುಸ್ತಕ ತೆಗೆಸಬೇಕು?

ಓದಿದ್ದರಲ್ಲಿ ಒಂದು ಕಾಗದದ ವಿಚಾರವನ್ನು ತಮ್ಮ ಗಮನಕ್ಕೆ ತರಲೇಬೇಕು. 1840ರ ದಶಕದ ಪಾಲುಪಟ್ಟಿ ಅದು. ಮನೆಯ ಯಜಮಾನ ತೀರಿಕೊಂಡಿದ್ದಾನೆ. ನ್ಯಾಯಾಲಯ ನೇಮಿಸಿದ ನೆರೆಯ ದೊಡ್ಡ ಮನುಷ್ಯರು ಬಂದು ಮೊದಲು ಸ್ವತ್ತಿನ ಪಟ್ಟಿ ಮಾಡಿದ್ದಾರೆ. ಗರಿ ತುಂಬಿದ ಹಾಸಿಗೆ, ಎರಡು ನೇಗಿಲು, ಸಾರಾಯಿ ಭಟ್ಟಿ, ಒಬ್ಬ ಹೆಂಗಸು ಮತ್ತು ಅವಳ ಎದೆಹಾಲಿನ ಕೂಸು, ಕಂದು ಬಣ್ಣದ ಹೆಣ್ಣು ಕುದುರೆ. ಒಂದರ ಕೆಳಗೊಂದು, ಒಂದೇ ಕೈಬರಹ, ಬಲಗಡೆ ಬೆಲೆ. ಆಮೇಲೆ ಮನುಷ್ಯರನ್ನು ಬೇರೆ ತೆಗೆದು ವಾರಸುದಾರರ ಸಂಖ್ಯೆಗೆ ಸರಿಯಾಗಿ ಪಾಲು ಮಾಡಿ ಚೀಟಿ ಎತ್ತಿದ್ದಾರೆ. ಒಂದು ಪಾಲಿನ ಬೆಲೆ ಹೆಚ್ಚಾಯಿತು. ಹಾಗಾಗಿ ಎರಡನೆಯ ಪಾಲಿನವರು ನಾಲ್ಕನೆಯ ಪಾಲಿನವರಿಗೆ ಇಷ್ಟು ಡಾಲರ್ ಕೊಟ್ಟು ಸರಿದೂಗಿಸತಕ್ಕದ್ದು ಎಂದು ಷರಾ. ನಾನೂ ಜೀವಮಾನವಿಡೀ ವಿಭಾಗಪತ್ರಗಳನ್ನು ನೋಂದಣಿ ಮಾಡಿದವಳೇ. ತೆಂಗಿನ ಮರ, ಹಿತ್ತಿಲು, ಬಾವಿಯ ನೀರಿನ ಹಕ್ಕು ಎಲ್ಲವೂ ಹೀಗೆಯೇ ಪಾಲಾಗುವುದನ್ನು ಕಂಡಿದ್ದೇನೆ. ಅದೇ ಒಕ್ಕಣೆ, ಅದೇ ಅಚ್ಚುಕಟ್ಟು. ಹೆಂಗಸು ಎರಡನೆಯ ಪಾಲಿಗೆ ಬಂದಿದ್ದಾಳೆ. ಕೂಸು ಅವಳ ಜೊತೆಗಿದೆ. ಅವಳ ಹಿರಿಯ ಮಗ, ಹಾಗೆಂದು ಆ ಕಾಗದವೇ ಹೇಳುತ್ತದೆ, ನಾಲ್ಕನೆಯ ಪಾಲಿಗೆ ಹೋಗಿದ್ದಾನೆ.

ಆ ಹುಡುಗನ ಹೆಸರೂ ವಯಸ್ಸೂ 1870ರ ನಮ್ಮ ಹಿರಿಯರಿಗೆ ಹೊಂದುತ್ತವೆ. ಹೊಂದುತ್ತವೆ ಎಂದಷ್ಟೇ ಹೇಳಬಲ್ಲೆ. ಅವರೇ ಎನ್ನಲು ಇನ್ನೊಂದು ಪುರಾವೆ ಬೇಕು. ನಾಲ್ಕನೆಯ ಪಾಲು ಪಡೆದ, ಆ ಯಜಮಾನನ ಮಗಳು ಚಿಕ್ಕ ವಯಸ್ಸಿನವಳು. ಅವಳಿಗೆ ಪೋಷಕನೊಬ್ಬನನ್ನು ನೇಮಿಸಿದ್ದರು. ಪೋಷಕನಾದವನು ನ್ಯಾಯಾಲಯಕ್ಕೆ ಲೆಕ್ಕ ಒಪ್ಪಿಸಬೇಕಿತ್ತು. ಹೊಸ ವರ್ಷದ ಹೊತ್ತಿಗೆ ಗುಲಾಮರನ್ನು ವರ್ಷದ ಬಾಡಿಗೆಗೆ ಕೊಡುವ ಪದ್ಧತಿಯಿದ್ದುದರಿಂದ, ಯಾರನ್ನು ಯಾರಿಗೆ ಎಷ್ಟಕ್ಕೆ ಕೊಟ್ಟೆವು ಎಂದು ಆ ಲೆಕ್ಕಗಳಲ್ಲಿ ಹೆಸರು ಸಮೇತ ಬರೆಯುತ್ತಿದ್ದರು. ಹುಡುಗ ಎಲ್ಲಿ ಬೆಳೆದ, ತಾಯಿಯ ಹತ್ತಿರದಲ್ಲೇ ಇದ್ದನೇ, ಇದಕ್ಕೆಲ್ಲ ಉತ್ತರ ಆ ಲೆಕ್ಕದಲ್ಲಿ ಇರಬಹುದು. ಬಿಡಿ ಕಾಗದಗಳಾದ ಅವು ಕಟ್ಟಡದ ನೆಲಮಾಳಿಗೆಯ ಪೆಟ್ಟಿಗೆಗಳಲ್ಲಿವೆ, ವಿಂಗಡಿಸಿಲ್ಲ, ತೋರಿಸಲು ಆಗುವುದಿಲ್ಲ ಎಂದು ನಮಗೆ ಹೇಳಿದರು. ಪೆಟ್ಟಿಗೆಗಳನ್ನು ಬಾಗಿಲಿನಿಂದ ನೋಡಿದೆ. ಕೆಳಗಿನ ಸಾಲಿನ ರಟ್ಟು ನೀರು ಕುಡಿದು ಉಬ್ಬಿದೆ.

ಸೂಚಿಯ ವಿಷಯದಲ್ಲಿ ನನಗೆ ಸಿಕ್ಕ ಉತ್ತರ ಇದು: ಒಡೆಯನ ಹೆಸರಿನಲ್ಲಿ ಹುಡುಕಿ, ಹಳೆಯ ಸೂಚಿ ಇರುವುದೇ ಹಾಗೆ, ನಾವು ಇತಿಹಾಸವನ್ನು ತಿದ್ದಲಾಗದು. ಇದನ್ನು ನಾನು ಒಪ್ಪುವುದಿಲ್ಲ, ವೃತ್ತಿಯವಳಾಗಿಯೇ ಒಪ್ಪುವುದಿಲ್ಲ. ದಸ್ತಾವೇಜು ಇತಿಹಾಸ, ಅದರಲ್ಲಿ ಒಂದಕ್ಷರವನ್ನೂ ಮುಟ್ಟಬಾರದು. ಸೂಚಿ ಎನ್ನುವುದು ಕಚೇರಿ ತನ್ನ ಕೈಯಾರೆ ಮಾಡುವ ಕೆಲಸ. ಅದು ಜನರಿಗೆ ಉಪಯೋಗವಾಗುವಂತೆ ಇರಬೇಕು. ಭಾರತದ 1908ರ ನೋಂದಣಿ ಕಾಯ್ದೆಯಲ್ಲಿ ಒಂದನೆಯ ಸೂಚಿ ವ್ಯಕ್ತಿಗಳದು, ಎರಡನೆಯದು ಸ್ವತ್ತಿನದು. ಯಾವ ಹೊಲ ಯಾರಿಂದ ಯಾರಿಗೆ ಕೈಬದಲಾಯಿತು ಎಂಬುದನ್ನು ಮಾಲೀಕನ ಹೆಸರು ಗೊತ್ತಿಲ್ಲದಿದ್ದರೂ ಸ್ವತ್ತಿನ ಸೂಚಿಯಿಂದ ಹೊರತೆಗೆಯಬಹುದು. ನಿಮ್ಮ ಅಂದಿನ ಕಾನೂನು ಈ ಜನರನ್ನು ಸ್ವತ್ತು ಎಂದಿತು. ವ್ಯಕ್ತಿಗಳೆಂದು ಸೂಚಿಯಲ್ಲಿ ಬರೆಯಲಿಲ್ಲ. ಸ್ವತ್ತೆಂದಾದರೂ ಬರೆದಿದ್ದರೆ ಇವತ್ತು ಅವರ ಮಕ್ಕಳಿಗೆ ಒಂದು ದಾರಿ ಇರುತ್ತಿತ್ತು. ಅದನ್ನೂ ಮಾಡಲಿಲ್ಲ. ಇತ್ತೀಚೆಗೆ ಹಳೆಯ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಿದಿರಿ, ಸೂಚಿಯನ್ನು ಹೊಸದಾಗಿ ಟೈಪು ಮಾಡಿಸಿದಿರಿ. ಸರಿಪಡಿಸಲು ಅದು ಸದವಕಾಶವಾಗಿತ್ತು. ಹಳೆಯ ಕೊರತೆಯನ್ನು ಹಾಗೆಯೇ ಹೊಸ ತೆರೆಯ ಮೇಲೆ ತಂದಿಟ್ಟಿರಿ.

ಆಗದ ಕೆಲಸವನ್ನೇನೂ ನಾನು ಕೇಳುತ್ತಿಲ್ಲ. ನಿಮ್ಮದೇ ರಾಜ್ಯದ ಆಶ್‌ವಿಲ್ ಪಟ್ಟಣವಿರುವ ಬಂಕಮ್ ಕೌಂಟಿಯ ನೋಂದಣಿ ಕಚೇರಿ, ತನ್ನ ಪುಸ್ತಕಗಳಲ್ಲಿ ಚದುರಿಹೋಗಿದ್ದ ಮನುಷ್ಯ ಮಾರಾಟದ ಪತ್ರಗಳನ್ನು ಹೆಕ್ಕಿ ತೆಗೆದು ಎಲ್ಲರಿಗೂ ಕಾಣುವಂತೆ ಅಂತರ್ಜಾಲದಲ್ಲಿ ಇಟ್ಟಿದೆ. ಗ್ರೀನ್ಸ್‌ಬರೋದಲ್ಲಿರುವ ರಾಜ್ಯ ವಿಶ್ವವಿದ್ಯಾಲಯ ಹಲವು ಕೌಂಟಿಗಳ ಇಂಥ ಪತ್ರಗಳನ್ನು ಒಂದೆಡೆ ಸೇರಿಸಿ ಹೆಸರಿನಿಂದ ಹುಡುಕುವಂತೆ ಮಾಡುವ ಕೆಲಸ ಕೈಗೊಂಡಿದೆ. ದಾರಿ ಇದೆ, ನಡೆದವರಿದ್ದಾರೆ. ಇದರಿಂದ ಹಳೆಯ ಮನೆತನಗಳಿಗೆ ಮುಜುಗರವಾಗುತ್ತದೆ ಎಂದು ಒಬ್ಬರು ಖಾಸಗಿಯಾಗಿ ಹೇಳಿದರು. ಆ ವಂಶಾವಳಿ ಪುಸ್ತಕ ಬರೆದ ಮನೆತನದ ಹಿರಿಯರೊಬ್ಬರನ್ನು ನಾವು ಭೇಟಿ ಮಾಡಿದ್ದೇವೆ. ಪಾಲುಪಟ್ಟಿಯ ಪ್ರತಿಯನ್ನು ತಮ್ಮ ಮನೆಯ ಕಾಗದಗಳಲ್ಲಿ ಹುಡುಕಿ ತಂದು ತೋರಿಸಿದವರು ಅವರೇ. ಮುಜುಗರದ ನೆಪವನ್ನು ಅವರ ಹೆಸರಿನಲ್ಲಿ ಯಾರೂ ಹೇಳದಿರಲಿ.

ಬಿಡಿ ಕಾಗದಗಳ ವಿಷಯದಲ್ಲಿ ಮಾತ್ರ ತಡಮಾಡುವಂತಿಲ್ಲ. 2013ರಲ್ಲಿ ಇದೇ ರಾಜ್ಯದ ಫ್ರಾಂಕ್ಲಿನ್ ಕೌಂಟಿಯ ನ್ಯಾಯಾಲಯ ಕಟ್ಟಡದ ನೆಲಮಾಳಿಗೆಯಲ್ಲಿ ಹಳೆಯ ಕಾಗದಗಳ ರಾಶಿ ಸಿಕ್ಕಿತು. ಸ್ಥಳೀಯ ಇತಿಹಾಸಾಸಕ್ತರು ಉಳಿಸಿಕೊಳ್ಳಲು ಓಡಾಡುತ್ತಿದ್ದಂತೆಯೇ, ಬೂಷ್ಟು ಹಿಡಿದಿದೆ ಎಂಬ ಕಾರಣಕ್ಕೆ ಅವನ್ನು ಹೊರತೆಗೆದು ಸುಟ್ಟುಹಾಕಲಾಯಿತು. ಅಮೆರಿಕದ ಅಂತರ್ಯುದ್ಧದ ಬೆಂಕಿಯಲ್ಲಿ ಹೋದದ್ದಕ್ಕೆ ಯಾರನ್ನೂ ಕೇಳಲಾಗದು. ವರ್ಜೀನಿಯಾದ ಹ್ಯಾನೋವರ್ ಕೌಂಟಿಯ ಬಹುಪಾಲು ದಾಖಲೆಗಳು ಸುರಕ್ಷಿತವಾಗಿರಲೆಂದು ರಿಚ್‌ಮಂಡ್ ಸೇರಿ, 1865ರ ಏಪ್ರಿಲಿನಲ್ಲಿ ಆ ನಗರ ಉರಿದಾಗ ಬೂದಿಯಾದವು. ಆದರೆ ಒಂದು ಪೈಪಿನ ಸೋರಿಕೆಯಿಂದ ನಿಮ್ಮ ಪೆಟ್ಟಿಗೆಗಳು ಹಾಳಾದರೆ ಹೊಣೆ ನಿಮ್ಮದು. ಗುಲಾಮಗಿರಿಯಲ್ಲಿದ್ದವರ ತಾಯಿ ಮಕ್ಕಳ ಸಂಬಂಧ ಹೆಚ್ಚಾಗಿ ಸಿಗುವುದು ಈ ಬಿಡಿ ಕಾಗದಗಳಲ್ಲಿಯೇ. ಜಮೀನಿನ ಪುಸ್ತಕಕ್ಕೆ ನಕಲುಂಟು, ಮೈಕ್ರೋಫಿಲ್ಮ್ ಉಂಟು. ಪೋಷಕನೊಬ್ಬ ಗೀಚಿದ ಬಾಡಿಗೆ ಲೆಕ್ಕಕ್ಕೆ ಎರಡನೆಯ ಪ್ರತಿ ಇರುವುದಿಲ್ಲ.

ಆದ್ದರಿಂದ ತಮ್ಮಲ್ಲಿ ವಿನಂತಿ. ನೆಲಮಾಳಿಗೆಯ ಪೆಟ್ಟಿಗೆಗಳನ್ನು ಈ ಬೇಸಿಗೆಯ ಚಂಡಮಾರುತಗಳ ಕಾಲ ಬರುವ ಮುನ್ನ ಒಣಗಿದ ಕೋಣೆಗೆ ಸಾಗಿಸಿ, ರಾಲಿಯ ರಾಜ್ಯ ಪತ್ರಾಗಾರದವರನ್ನು ಕರೆಸಿ ತೋರಿಸಿ. ಅವರ ಲಿಖಿತ ಒಪ್ಪಿಗೆಯಿಲ್ಲದೆ ಒಂದು ಹಾಳೆಯನ್ನೂ ಎಸೆಯುವುದಿಲ್ಲ ಎಂದು ಮಂಡಳಿ ನಿರ್ಣಯ ಮಾಡಲಿ. ನೋಂದಣಾಧಿಕಾರಿಗಳು 1865ಕ್ಕೆ ಮುಂಚಿನ ಸಂಪುಟಗಳಿಗೆ ಪೂರಕ ಸೂಚಿಯೊಂದನ್ನು ಆರಂಭಿಸಲಿ: ಪತ್ರದ ಒಳಗೆ ಹೆಸರಿಸಿದ ಪ್ರತಿಯೊಬ್ಬ ಮನುಷ್ಯನ ಹೆಸರು, ವಯಸ್ಸು ಕೊಟ್ಟಿದ್ದರೆ ವಯಸ್ಸು, ತಾಯಿ ಅಥವಾ ಮಗುವೆಂದು ಹೇಳಿದ್ದರೆ ಆ ಸಂಬಂಧ, ಸಂಪುಟ, ಪುಟ. ಒಡೆಯನ ಹೆಸರು ಕೊನೆಯ ಅಂಕಣದಲ್ಲಿರಲಿ. ಎಲ್ಲವೂ ಒಂದೇ ವರ್ಷದಲ್ಲಿ ಮುಗಿಯಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಮೊದಲ ಸಂಪುಟದಿಂದ ಶುರುಮಾಡಿ, ಆದಷ್ಟನ್ನು ಪ್ರಕಟಿಸುತ್ತಾ ಹೋಗಿ. ನ್ಯಾಯಾಲಯದ ವಶದಲ್ಲಿರುವ ಉಯಿಲುಗಳು ತಮ್ಮ ಅಧಿಕಾರದ ಹೊರಗಿವೆ ಎಂಬ ಉತ್ತರ ಬರಬಹುದು. ಕಟ್ಟಡ ಕೌಂಟಿಯದು, ಒಂದೇ ಮೇಜಿನ ಸುತ್ತ ಅವರನ್ನೂ ಕರೆಯುವುದು ತಮ್ಮ ಕೈಯಲ್ಲಿದೆ.

ಖರ್ಚಿನ ಮಾತು ಬಂದರೆ, ನನ್ನ ದುಡಿಮೆಯನ್ನು ಸಂಬಳವಿಲ್ಲದೆ ಕೊಡುತ್ತೇನೆ. ಹಳೆಯ ಕೈಬರಹ ಓದುವುದು, ಹೆಸರು ಹೆಕ್ಕಿ ಅಂಕಣಕ್ಕೆ ಇಳಿಸುವುದು ನನ್ನ ಕೈಗೆ ಪಳಗಿದ ಕೆಲಸ. ಇಲ್ಲಿನ ಕನ್ನಡಿಗರಲ್ಲಿಯೂ ಕೇಳಿಕೊಳ್ಳುತ್ತೇನೆ: ಶನಿವಾರದ ಎರಡು ಗಂಟೆ ಕೊಡಿ. ದತ್ತಾಂಶ ಜೋಡಿಸುವುದು ನಿಮ್ಮಲ್ಲಿ ಎಷ್ಟೋ ಜನರಿಗೆ ದಿನನಿತ್ಯದ ಉದ್ಯೋಗ. ನೀವು ಮನೆ ಕಟ್ಟಿಕೊಂಡ ನೆಲವನ್ನು ಮೊದಲು ಹಸನು ಮಾಡಿದವರ ಹೆಸರುಗಳನ್ನು ಬೆಳಕಿಗೆ ತರುವ ಕೆಲಸ ಇದು. ಇಲ್ಲಿಗೆ ಬಂದು ನೆಲೆ ಕಂಡ ನಾವು ಇದನ್ನು ಬೇರೆಯವರ ಮನೆಯ ವಿಷಯ ಎನ್ನಬಾರದು.

ಈ ಪತ್ರಕ್ಕೆ ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇನೆ. ಮಂಡಳಿಯ ಮುಂದಿನ ಸಭೆಯಲ್ಲಿ ಸಾರ್ವಜನಿಕರು ಮಾತನಾಡುವ ಸಮಯಕ್ಕೆ ಅಳಿಯಂದಿರೂ ನಾನೂ ಹೆಸರು ಕೊಟ್ಟಿದ್ದೇವೆ. ಪಾಲುಪಟ್ಟಿಯ ಪ್ರತಿಯನ್ನು ಸದಸ್ಯರೆಲ್ಲರಿಗೂ ಒಂದೊಂದು ತರುತ್ತೇವೆ. ಸಭೆಗೆ ಮುಂಚೆ ದಯವಿಟ್ಟು ಅದನ್ನು ಪೂರ್ತಿ ಓದಿ.

ತಮ್ಮ ವಿಶ್ವಾಸಿ,
ನಿವೃತ್ತ ನೋಂದಣಿ ಸಿಬ್ಬಂದಿ, ನಾರ್ತ್ ಕ್ಯಾರೊಲೈನಾ ನಿವಾಸಿ